ಟ್ಯಾಂಕ್ ಆಟ ನಮ್ಮೂರಿಗೆ ಬಂದ ಬಗೆ



1990ರ ದಶಕದಲ್ಲಿ ನಾನು ಭದ್ರಾವತಿಯ ಜನ್ನಾಪುರದಲ್ಲಿ ಹೈಸ್ಕೂಲು ಓದುತ್ತಿದ್ದೆ. ಆಗ ಪಕ್ಕದ ಮನೆಗೆ ಒಂದು ಟಿ.ವಿ. ಗೇಮ್ ಬಂತು. ಆ ಮನೆಯ ಮಾವ ಕಬ್ಬಿಣದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುತ್ತಿದ್ದರು. ಆದ್ದರಿಂದ ನಾವು ಟಿ.ವಿ.ಯ ದನಿ ಪೂರ್ತಿ ತಗ್ಗಿಸಿ ಆಡಬೇಕಿತ್ತು. ಕ್ಯಾಸೆಟ್ಟಿನಲ್ಲಿ ಹತ್ತಾರು ಆಟಗಳಿದ್ದರೂ ನಾವು ಮತ್ತೆ ಮತ್ತೆ ಹಾಕುತ್ತಿದ್ದುದು 'ಟ್ಯಾಂಕ್'. ಅದರ ನಿಜವಾದ ಹೆಸರು 'ಬ್ಯಾಟಲ್ ಸಿಟಿ' ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಜಪಾನಿನ ನಾಮ್ಕೋ ಸಂಸ್ಥೆ ಈ ಆಟವನ್ನು 1985ರಲ್ಲಿ ನಿಂಟೆಂಡೊದ 'ಫ್ಯಾಮಿಕಾಮ್' ಯಂತ್ರಕ್ಕಾಗಿ ಹೊರತಂದಿತು. 1980ರ 'ಟ್ಯಾಂಕ್ ಬೆಟಾಲಿಯನ್' ಇದರ ಮೂಲ. ಅಮೆರಿಕ ಮತ್ತು ಯೂರೋಪಿನ ನಿಂಟೆಂಡೊ ಯಂತ್ರಗಳಿಗೆ ಆಗ ಇದು ಬಿಡುಗಡೆಯಾಗಲೇ ಇಲ್ಲ. ಮಾರಿಯೊಗೆ ಸಿಕ್ಕ ಪ್ರಚಾರ ಇದಕ್ಕೆ ಸಿಗಲಿಲ್ಲ. ಆದರೂ ಭಾರತ, ರಷ್ಯದಂಥ ದೇಶಗಳಲ್ಲಿ ಇದು ಒಂದು ಪೀಳಿಗೆಯ ಅಚ್ಚುಮೆಚ್ಚಿನ ಆಟವಾಯಿತು. ಹೇಗೆ?

ಉತ್ತರ ಅದರ ಗಾತ್ರದಲ್ಲಿದೆ. ಇಡೀ ಆಟ ಕೇವಲ 24 ಕಿಲೋಬೈಟ್: ಆದೇಶಗಳಿಗೆ 16, ಚಿತ್ರಗಳಿಗೆ 8. ಇಂದಿನ ಮೊಬೈಲಿನ ಒಂದು ಫೋಟೋ ಇದರ ನೂರು ಪಟ್ಟು ಜಾಗ ಹಿಡಿದೀತು. ಮುಂದೆ ಬಂದ ದೊಡ್ಡ ಆಟಗಳ ಕ್ಯಾಸೆಟ್ಟಿನಲ್ಲಿ ಸ್ಮೃತಿಯ ಭಾಗಗಳನ್ನು ಬದಲಿಸಲು ಬೇರೆಯೇ ಒಂದು ಚಿಪ್ ಬೇಕಿತ್ತು, ಇದಕ್ಕೆ ಬೇಕಿರಲಿಲ್ಲ. ಹಾಗಾಗಿ ಅನುಮತಿಯಿಲ್ಲದೆ ನಕಲು ಮಾಡುವವರಿಗೆ ಇಂಥ ಪುಟ್ಟ ಆಟಗಳನ್ನು ಒಂದೇ ಕ್ಯಾಸೆಟ್ಟಿನಲ್ಲಿ ತುಂಬುವುದು ಸುಲಭವಾಯಿತು. ಫ್ಯಾಮಿಕಾಮ್‌ನ ಅಗ್ಗದ ಪಡಿಯಚ್ಚುಗಳ ಜೊತೆಯಲ್ಲಿ ಅವು ನಮ್ಮ ಸಣ್ಣ ಊರುಗಳಿಗೂ ಬಂದವು.

ಟಿ.ವಿ.ಯ ಆಂಟೆನಾ ತಂತಿ ಕಿತ್ತು ಅದೇ ಜಾಗಕ್ಕೆ ಗೇಮಿನ ತಂತಿ ಸಿಕ್ಕಿಸುತ್ತಿದ್ದೆವು. ಪೆಟ್ಟಿಗೆಯೊಳಗಿನ ಮಾಡ್ಯುಲೇಟರ್ ಚಿತ್ರ ಮತ್ತು ಧ್ವನಿಯನ್ನು ಪ್ರಸಾರದ ತರಂಗಗಳ ಮಾದರಿಗೇ ಬದಲಿಸುತ್ತಿತ್ತು. ಟಿ.ವಿ.ಯ ಮಟ್ಟಿಗೆ ಅದೂ ಒಂದು ಪುಟ್ಟ ಪ್ರಸಾರ ಕೇಂದ್ರ. ನನಗೆ ಈ ವೃತ್ತಿಯ ಕುತೂಹಲ ಹುಟ್ಟಿದ್ದು ಅಲ್ಲಿಯೇ.

ಇನ್ನು ಆಟ. ಒಟ್ಟು 35 ಹಂತಗಳು. ಒಂದೊಂದರಲ್ಲೂ 20 ಶತ್ರು ಟ್ಯಾಂಕುಗಳು. ಕೆಳಗೆ ಇಟ್ಟಿಗೆ ಗೋಡೆಯ ನಡುವೆ ಹದ್ದಿನ ಗುರುತು. ಅದಕ್ಕೆ ಒಂದು ಗುಂಡು ಬಿದ್ದರೆ, ಅದು ನಮ್ಮದೇ ಗುಂಡಾದರೂ, ಆಟ ಮುಗಿಯಿತು. ಇಬ್ಬರು ಆಡಿದರೆ ಇಬ್ಬರೂ ಒಂದೇ ಪಕ್ಷ. ಗೆಳೆಯನ ಗುಂಡು ತಗುಲಿದರೆ ಕೆಲವು ಕ್ಷಣ ನಮ್ಮ ಟ್ಯಾಂಕು ಚಲಿಸದು. ಆದ್ದರಿಂದ ಯಾರು ಯಾವ ಕಡೆ ಕಾಯಬೇಕೆಂದು ಮೊದಲೇ ಮಾತಾಡಿಕೊಳ್ಳಬೇಕಿತ್ತು.

ನಕ್ಷೆಯನ್ನು ನಾವೇ ರಚಿಸುವ ಸೌಲಭ್ಯವೂ ಇತ್ತು. ಹದ್ದಿನ ಸುತ್ತ ಉಕ್ಕಿನ ಗೋಡೆ, ಅದರಾಚೆ ನೀರು! ಆದರೆ ಕ್ಯಾಸೆಟ್ಟಿನಲ್ಲಿ ಅದನ್ನು ಉಳಿಸಿಡುವ ಬ್ಯಾಟರಿ ಇರಲಿಲ್ಲ. ಕರೆಂಟು ಹೋದರೆ ಕೋಟೆಯೂ ಹೋಯಿತು.

ಮಿತ್ರರೆ, ಹೋದದ್ದು ಕೋಟೆ ಮಾತ್ರವಲ್ಲ. 'ಟ್ಯಾಂಕ್ 1990' ಎಂಬಂಥ ನಕಲುಗಳಲ್ಲಿ ಆಟದ ಹೆಸರೇ ಬದಲಾಗಿತ್ತು. ಅದನ್ನು ರೂಪಿಸಿದವರು ಯಾರೆಂದು ನಾವು ಕೇಳಲೂ ಇಲ್ಲ. ಮೂಲ ಆಟದ ಸಂಕೇತಗಳನ್ನು ಬಿಡಿಸಿ ನೋಡಿದವರಿಗೆ ಅದರೊಳಗೆ ರ್ಯೋಯಿಚಿ ಓಕುಬೊ ಮೊದಲಾದವರ ಹೆಸರುಗಳು ಅಡಗಿರುವುದು ಕಂಡಿತು. ಪರದೆಯ ಮೇಲೆ ಜಾಗವಿಲ್ಲದವರು ಆ 24 ಕಿಲೋಬೈಟಿನ ಒಳಗೇ ಗುರುತು ಬಿಟ್ಟಿದ್ದರು.

ನಕಲಿಲ್ಲದಿದ್ದರೆ ಆ ಆಟ ಜನ್ನಾಪುರಕ್ಕೆ ಬರುತ್ತಿರಲಿಲ್ಲ. ನಕಲು ಮಾಡಿದವರು ರೂಪಿಸಿದವರಿಗೆ ಸಲ್ಲಬೇಕಾದುದನ್ನು ಸಲ್ಲಿಸಲಿಲ್ಲ. ಎರಡೂ ನಿಜ. ಕಾರ್ಯಕ್ರಮದ ಕೊನೆಗೆ ಓಡುವ ಹೆಸರುಗಳಲ್ಲಿ ಒಂದನ್ನು ಬಿಟ್ಟರೂ ಆ ವ್ಯಕ್ತಿಗೆ ಎಷ್ಟು ನೋವಾಗುತ್ತದೆಂದು ನಾನು ಕಣ್ಣಾರೆ ಕಂಡಿದ್ದೇನೆ. ನೀವು ಮೆಚ್ಚಿದ ಆಟವೋ ಹಾಡೋ ಚಿತ್ರವೋ ಇದ್ದರೆ ಅದನ್ನು ಮಾಡಿದವರು ಯಾರೆಂದು ಒಮ್ಮೆ ಹುಡುಕಿ. ಸಾಧ್ಯವಾದರೆ ನೀವೂ ಒಂದು ಪುಟ್ಟ ಆಟ ಬರೆಯಿರಿ. ಕೊನೆಯಲ್ಲಿ ನಿಮ್ಮ ಹೆಸರು ಹಾಕುವುದನ್ನು ಮರೆಯಬೇಡಿ.