ಗಾಡಿಗಿಂತ ಮುಂಚೆ ಸುದ್ದಿ



ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ ನಾವು ಏನು ಮಾಡ್ತೀವಿ? ‘ಗ್ಯಾಸು ಇರಬೇಕು ಬಿಡು’ ಅಂತೀವಿ. ಜೀರಿಗೆ ಕಷಾಯ ಕುಡಿಸ್ತೀವಿ. ಬೆಳಗಾಗಲಿ ಅಂತ ಕಾಯ್ತೀವಿ. ಆದರೆ ಹೃದಯದ ರಕ್ತನಾಳ ಕಟ್ಟಿಕೊಂಡಿದ್ದರೆ ಕಾಯಲು ಹೊತ್ತಿಲ್ಲ. ತಡವಾದಷ್ಟೂ ಹೃದಯ ಕೆಡುತ್ತದೆ.

ಹೆಂಗಸರಿಗೆ ಎದೆನೋವು ಜೋರಾಗಿ ಬರದೆಯೂ ಇರಬಹುದು. ಏದುಸಿರು, ತಣ್ಣನೆ ಬೆವರು, ವಾಂತಿ, ಬೆನ್ನು ಅಥವಾ ದವಡೆ ನೋವು, ಎಂದೂ ಇಲ್ಲದ ಸುಸ್ತು ಬರಬಹುದು. ‘ಕೆಲಸ ಮಾಡಿ ದಣಿವಾಯ್ತು’ ಅಂತ ಸುಮ್ಮನಿರಬಾರದು.

ನಮ್ಮ ರಾಜ್ಯದಲ್ಲಿ 2008ರಲ್ಲಿ 108 ಆಂಬುಲೆನ್ಸ್ ಶುರುವಾಯಿತು. ಇದಕ್ಕೆ ದುಡ್ಡು ಕೊಡಬೇಕಿಲ್ಲ.

ಗಾಡಿಯೊಳಗಿನ ಯಂತ್ರ ಕಂಡು ಹೆದರಬೇಡಿ. ಬೆರಳಿಗೆ ಬಟ್ಟೆ ಕ್ಲಿಪ್ಪಿನಂಥದು ಹಾಕುತ್ತಾರೆ. ಅದರಲ್ಲಿ ಕೆಂಪು ದೀಪ ಇರುತ್ತದೆ. ಅದು ಚುಚ್ಚುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅಂತ ಹೇಳುತ್ತದೆ. 95ರಿಂದ 100 ಇದ್ದರೆ ಒಳ್ಳೆಯದು. ತೋಳಿಗೆ ಕಟ್ಟುವ ಪಟ್ಟಿ ಬಿ.ಪಿ. ನೋಡುತ್ತದೆ. ಎದೆಗೆ, ಕೈಕಾಲಿಗೆ ಹಚ್ಚುವ ತಂತಿಗಳು ಹೃದಯದ ಬಡಿತವನ್ನು ಗೆರೆಯಾಗಿ ಬರೆಯುತ್ತವೆ. ಅದೇ ಇ.ಸಿ.ಜಿ.

ಎದೆಗೆ ತಂತಿ ಹಚ್ಚುವಾಗ ನಾಚಿಕೆ ಅಂತ ಬೇಡ ಎನ್ನಬಾರದು. ಮೇಲೆ ಬಟ್ಟೆ ಹೊದಿಸಿ ಅಂತ ಕೇಳಬಹುದು. ಜೊತೆಗೆ ಒಬ್ಬ ಹೆಂಗಸು ಇರಲಿ.

ಈಗ ಕೆಲವು ಆಂಬುಲೆನ್ಸ್ ಯಂತ್ರಗಳಲ್ಲಿ ಮೊಬೈಲಿನಂತೆ ಸಿಮ್ ಇರುತ್ತದೆ. ಗಾಡಿ ದಾರಿಯಲ್ಲಿ ಇರುವಾಗಲೇ ಆ ಅಂಕಿ, ಆ ಗೆರೆ ಆಸ್ಪತ್ರೆಯ ಡಾಕ್ಟರಿಗೆ ಕಾಣುತ್ತವೆ. ಯಾವ ಔಷಧಿ ಕೊಡಬೇಕು, ಯಾವ ಆಸ್ಪತ್ರೆಗೆ ಹೋಗಬೇಕು ಅಂತ ಡಾಕ್ಟರು ಫೋನಿನಲ್ಲೇ ಹೇಳುತ್ತಾರೆ. ಗಾಡಿಗಿಂತ ಮುಂಚೆ ಸುದ್ದಿ ಮುಟ್ಟುತ್ತದೆ. ಆಸ್ಪತ್ರೆಯಲ್ಲಿ ಎಲ್ಲ ಸಿದ್ಧ ಮಾಡಿಕೊಳ್ಳುತ್ತಾರೆ. ಸಿಗ್ನಲ್ ಸಿಗದ ಕಡೆ ಸುದ್ದಿ ನಿಲ್ಲಬಹುದು. ಆಗಲೂ ಗಾಡಿಯ ಸಿಬ್ಬಂದಿ ಅಂಕಿ ನೋಡಿ ಆರೈಕೆ ಮಾಡುತ್ತಾರೆ.

ತಾಲ್ಲೂಕು ಆಸ್ಪತ್ರೆಗೂ ಇಂಥ ಏರ್ಪಾಡು ಬಂದಿದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ 2023ರಲ್ಲಿ ಶುರುವಾಯಿತು. ತಾಲ್ಲೂಕಿನಲ್ಲಿ ತೆಗೆದ ಇ.ಸಿ.ಜಿ.ಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ಅಲ್ಲಿಂದಲೇ ನೋಡುತ್ತಾರೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಬೇಕಾದರೆ ತಾಲ್ಲೂಕಿನಲ್ಲೇ ಪುಕ್ಕಟೆಯಾಗಿ ಕೊಡುತ್ತಾರೆ.

ಯಂತ್ರ ಎಷ್ಟೇ ಜಾಣ ಆಗಿರಲಿ, ನಾವು ಕರೆಯದೆ ಬಾಗಿಲಿಗೆ ಬರುವುದಿಲ್ಲ. ಒಂದು, ಸೊನ್ನೆ, ಎಂಟು. ಈ ಅಂಕಿಗಳನ್ನು ನಾವು ಕಲಿತಿದ್ದೇವೆ. ಇವತ್ತೇ ಮನೆಯ ಗೋಡೆ ಮೇಲೆ ದೊಡ್ಡದಾಗಿ 108 ಅಂತ ಬರೆಯೋಣ. ಅದರ ಕೆಳಗೆ ನಮ್ಮ ಊರು, ತಾಲ್ಲೂಕು, ಮನೆ ಹತ್ತಿರದ ಗುಡಿ ಅಥವಾ ಶಾಲೆಯ ಹೆಸರು ಬರೆಯೋಣ. ಗಾಬರಿಯಲ್ಲಿ ಮಾತು ತಪ್ಪಿದರೂ ಓದಿ ಹೇಳಬಹುದು.