ಒರೆಗಲ್ಲಿಗೆ ಅಂಜದ ಚಿನ್ನ



ಡಾ. ಎಚ್. ನರಸಿಂಹಯ್ಯನವರು 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಲ್ಲಿ ಹುಟ್ಟಿದವರು. ಓದಿನ ಹಂಬಲದಿಂದ ಬೆಂಗಳೂರಿಗೆ ನಡೆದೇ ಬಂದರು. ಅಮೆರಿಕದ ಒಹಾಯೋದಲ್ಲಿ ನ್ಯೂಕ್ಲಿಯರ್ ಭೌತವಿಜ್ಞಾನದ ಡಾಕ್ಟರೇಟ್ ಪಡೆದರು. ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದರು, ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದರು. ಆದರೂ ಬಾಳಿನ ಬಹುಕಾಲ ವಿದ್ಯಾರ್ಥಿನಿಲಯದ ಒಂದು ಕೋಣೆಯೇ ಅವರ ಮನೆ. ಅದು ಕಾಯಕಜೀವಿಯ ಬದುಕು.

1976ರಲ್ಲಿ ಅವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದಾಗ ಅನೇಕ ಭಕ್ತರು ಮುನಿದರು. ಹಾಗಿದ್ದರೆ ಕಾವಿ ತೊಟ್ಟ ನಾವು ಅವರನ್ನು ನೆನೆಯುವುದೇಕೆ? ಶರಣರು ಅರಿವನ್ನೇ ಗುರುವೆಂದು ಬಗೆದರು. ನಾವಾದರೋ ಅರಿಯುವ ಮೊದಲೇ ಕೈಮುಗಿಯುತ್ತೇವೆ. ಚಿನ್ನವಾದರೆ ಒರೆಗಲ್ಲಿಗೆ ಅಂಜಬೇಕೆ? ಭಕ್ತಿ ನಿಜವಾದರೆ ಪ್ರಶ್ನೆಗೆ ಅಂಜಬೇಕೆ?

ನಿಮ್ಮ ಮಗು ‘ಏಕೆ?’ ಎಂದು ಕೇಳಿದರೆ ಗದರಬೇಡಿ. 2005ರಲ್ಲಿ ಅಗಲಿದ ಆ ಮೇಷ್ಟ್ರಿಗೆ ಅದೇ ನಮ್ಮ ನಮಸ್ಕಾರ.