ಮೂಗಿಗೊಪ್ಪುವ ಮುಖವಾಡ

ಮೂವತ್ತು ವರ್ಷ ತರಗತಿಯಲ್ಲಿ ನಿಂತು ನಾಟಕಗಳ ಪಾಠ ಹೇಳಿದವನು ನಾನು. ಮುಖವಾಡ ಎಂಬ ಮಾತನ್ನು ಅಷ್ಟೂ ವರ್ಷ ನಿಂದೆಯ ಅರ್ಥದಲ್ಲಿಯೇ ಬಳಸಿದೆ. ಒಳಗೊಂದು ಹೊರಗೊಂದು ಆದವನು ಮುಖವಾಡ ತೊಟ್ಟವನು, ಅದನ್ನು ಕಳಚಿದಾಗಲೇ ಮನುಷ್ಯನ ನಿಜ ಕಾಣುವುದು ಎಂದು ಹೇಳುತ್ತಿದ್ದೆ. ನಿವೃತ್ತನಾಗಿ ನರಗುಂದದಲ್ಲಿ ನೆಲೆಸಿದ ಮೇಲೆ ಆ ಮಾತು ನನ್ನ ಕಡೆಗೇ ತಿರುಗಿತು. ಈಗ ರಾತ್ರಿ ಹತ್ತಾದೊಡನೆ ನಾನೂ ಒಂದು ಮುಖವಾಡವನ್ನು ತೊಡುತ್ತೇನೆ. ಅದು ಸರಿಯಾಗಿ ಕೂತ ರಾತ್ರಿ ನಮ್ಮ ಮನೆಯಲ್ಲಿ ಇಬ್ಬರು ನಿದ್ದೆ ಮಾಡುತ್ತಾರೆ. ಕೂಡದ ರಾತ್ರಿ ಒಬ್ಬರೂ ಇಲ್ಲ.

ಗೊರಕೆಯನ್ನು ನಾವು ಬಹುಕಾಲದಿಂದ ನಗೆಯ ವಸ್ತುವನ್ನಾಗಿ ಮಾಡಿಕೊಂಡು ಬಂದಿದ್ದೇವೆ. ನಮಗೆ ಕುಂಭಕರ್ಣನಿದ್ದಾನೆ. ಇಂಗ್ಲಿಷರಿಗೆ ಡಿಕನ್ಸನು 1836-37ರಲ್ಲಿ ಬರೆದ ‘ಪಿಕ್‌ವಿಕ್ ಪೇಪರ್ಸ್’ನ ಜೋ ಎಂಬ ದಪ್ಪ ಹುಡುಗನಿದ್ದಾನೆ, ಅವನು ನಿಂತಲ್ಲಿಯೇ ತೂಕಡಿಸುವವನು. ಓದುಗರು ನೂರಿಪ್ಪತ್ತು ವರ್ಷ ನಕ್ಕರು. ಕೊನೆಗೆ 1956ರಲ್ಲಿ ಅಮೆರಿಕದ ವೈದ್ಯರು ಸ್ಥೂಲಕಾಯ, ತೂಕಡಿಕೆ, ಸಾಲದ ಉಸಿರಾಟ ಇವು ಒಂದುಗೂಡಿದ ಕಾಯಿಲೆಯೊಂದಕ್ಕೆ ಆ ಕಾದಂಬರಿಯ ಹೆಸರನ್ನೇ ಇಟ್ಟರು. ನಗೆಯ ಹಿಂದೆ ರೋಗವಿತ್ತು.

ನನ್ನ ಮನೆಯಲ್ಲಿ ಅದನ್ನು ಮೊದಲು ಕಂಡವಳು ನನ್ನ ಹೆಂಡತಿ. ಒಂದು ಬೆಳಿಗ್ಗೆ ಚಹಾ ಕೊಡುತ್ತ ಆಕೆ ಹೇಳಿದಳು: “ರೀ, ನಿಮ್ಮ ಗೊರಕಿ ಕೇಳಿದ್ರ ನನಗ ಧೈರ್ಯ. ಅದು ನಿಂತ್ರನ ಹೆದರಿಕಿ.” ನಡುರಾತ್ರಿ ನನ್ನ ಗೊರಕೆ ತಟ್ಟನೆ ನಿಲ್ಲುತ್ತಿತ್ತಂತೆ. ಆಕೆ ಎದ್ದು ಕೂತು ಒಂದು, ಎರಡು ಎಂದು ಎಣಿಸುತ್ತಿದ್ದಳಂತೆ. ಇಪ್ಪತ್ತು ದಾಟಿದರೆ ಭುಜ ಹಿಡಿದು ಅಲುಗಿಸುತ್ತಿದ್ದಳು. ಎಷ್ಟು ವರ್ಷಗಳಿಂದ ಎಂದು ಕೇಳಿದೆ. ಆಕೆ ಉತ್ತರ ಕೊಡದೆ ಒಳಗೆ ಹೋದಳು.

ಈ ಕಾಯಿಲೆಗೆ ಸ್ಲೀಪ್ ಆಪ್ನಿಯಾ ಎಂದು ಹೆಸರು. ಆಪ್ನಿಯಾ ಎಂಬುದು ಗ್ರೀಕ್ ಮೂಲದ ಶಬ್ದ. ನಮ್ಮ ಅಜ್ಞಾನ, ಅಶಾಂತಿಗಳಲ್ಲಿರುವ ನಿಷೇಧದ ಅಕಾರವೇ ಅಲ್ಲಿಯೂ ಇದೆ, ಅರ್ಥ, ಉಸಿರಿಲ್ಲದಿರುವುದು. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಗಾಳಿಯ ದಾರಿ ಮುಚ್ಚುತ್ತದೆ. ಹತ್ತು ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಉಸಿರು ನಿಂತರೆ ಅದೊಂದು ತಡೆ. ಗಂಟೆಗೆ ಐದಕ್ಕಿಂತ ಕಡಿಮೆ ತಡೆಗಳಿದ್ದರೆ ಚಿಂತೆಯಿಲ್ಲ. ಮೂವತ್ತು ದಾಟಿದರೆ ತೀವ್ರ. ಹುಬ್ಬಳ್ಳಿಯಲ್ಲಿ ಒಂದು ರಾತ್ರಿ ಮೈತುಂಬ ತಂತಿ ಅಂಟಿಸಿಕೊಂಡು ಮಲಗಿದೆ. ನನ್ನ ಲೆಕ್ಕ ಮೂವತ್ತನಾಲ್ಕು ಬಂದಿತು. ರಕ್ತದೊತ್ತಡ, ಹೃದಯದ ತೊಂದರೆ, ಪಾರ್ಶ್ವವಾಯು ಇವೆಲ್ಲ ಈ ಕಾಯಿಲೆಯ ನೆರೆಹೊರೆಯವು ಎಂದು ವೈದ್ಯರು ಎಚ್ಚರಿಸಿದರು.

ಚಿಕಿತ್ಸೆ ಸರಳವಾದುದೇ. ಸಿಪ್ಯಾಪ್ ಎಂಬ ಪುಟ್ಟ ಯಂತ್ರ ಕೊಳವೆಯ ಮೂಲಕ ಒಂದೇ ಸಮನೆ ಗಾಳಿಯನ್ನು ಒತ್ತುತ್ತದೆ. ಆ ಒತ್ತಡವೇ ಗಂಟಲೊಳಗೆ ಆಸರೆಗಂಬವಾಗಿ ನಿಂತು ದಾರಿಯನ್ನು ತೆರೆದಿಡುತ್ತದೆ. ಆದರೆ ಯಂತ್ರಕ್ಕೂ ಮನುಷ್ಯನಿಗೂ ನಡುವೆ ಒಂದು ಮಾಸ್ಕ್ ಇದೆ. ನನ್ನ ಕಥೆಯೆಲ್ಲ ಅಲ್ಲಿಯೇ ಸಿಕ್ಕಿಕೊಂಡಿತು.

ಯಂತ್ರ ಮಾರಿದ ಅಂಗಡಿಯವರು ಕೈಗೆ ಸಿಕ್ಕ ಒಂದು ಮಾಸ್ಕನ್ನು ಕೊಟ್ಟು, ‘ಎಲ್ಲರಿಗೂ ಆಗ್ತದ’ ಎಂದರು. ನಾನೂ ನಂಬಿದೆ. ಮೊದಲ ರಾತ್ರಿಯೇ ಅಂಚಿನಿಂದ ಸೋರಿದ ಗಾಳಿ ಕಣ್ಣಿಗೆ ಬಡಿಯಿತು. ಪಟ್ಟಿಯನ್ನು ಬಿಗಿದೆ, ಮತ್ತೆ ಸೋರಿತು. ಇನ್ನೂ ಬಿಗಿದೆ. ವಾರದಲ್ಲಿ ಮೂಗಿನ ಸೇತುವೆಯ ಮೇಲೆ ಹುಣ್ಣಾಯಿತು. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆಯ ಅರ್ಥ ಆಗ ನನಗೆ ಪೂರ್ತಿ ತಿಳಿಯಿತು. ಯಂತ್ರವನ್ನು ಟ್ರಂಕಿನಲ್ಲಿಟ್ಟು, ಇದು ನನ್ನಂಥವನಿಗಲ್ಲ ಎಂದು ತೀರ್ಮಾನಿಸಿದೆ. ಮೂರು ತಿಂಗಳು ಅದು ಅಲ್ಲಿಯೇ ಇತ್ತು. ಹೆಂಡತಿ ಮತ್ತೆ ಎಣಿಸತೊಡಗಿದಳು.

ಒಂದು ಮಧ್ಯಾಹ್ನ ಮೊಮ್ಮಗನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕಾಲುವೆಯ ಏರಿಯ ಮೇಲೆ ಬರುತ್ತಿದ್ದೆ. ಜೋಳದ ಹೊಲದ ಕಡೆಯಿಂದ ತಂಪು ಗಾಳಿ. ನನಗೆ ನೆನಪಿರುವುದು ಅಷ್ಟೇ. ‘ಅಜ್ಜಾ!’ ಎಂಬ ಕೂಗಿಗೆ ಕಣ್ಣು ತೆರೆದಾಗ ಮುಂದಿನ ಗಾಲಿ ನೀರಿನಿಂದ ಎರಡು ಗೇಣು ದೂರದಲ್ಲಿತ್ತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಇಂದು ಮೊದಲ ಸಲ ನಿಮ್ಮೆದುರು ಹೇಳುತ್ತಿದ್ದೇನೆ. ಮರುದಿನ ಟ್ರಂಕು ತೆಗೆದೆ. ನವಲಗುಂದದ ಮೇಲೆ ಹಾಯ್ದು ಹೋಗುವ ಹುಬ್ಬಳ್ಳಿ ಬಸ್ಸು ಹಿಡಿದೆ.

ಈ ಸಲ ವೈದ್ಯರಲ್ಲಿದ್ದ ತರುಣ ತಂತ್ರಜ್ಞ ನನ್ನ ಹಳೆಯ ಮಾಸ್ಕನ್ನು ನೋಡಿ ನಕ್ಕ. “ಸರ್, ಇದು ನಿಮ್ಮ ಮೂಗಿಗೆ ದೊಡ್ಡದೈತ್ರಿ. ದೊಡ್ಡದನ್ನ ಎಷ್ಟು ಬಿಗಿದ್ರೂ ಸೋರ್ತೈತ್ರಿ.” ರಟ್ಟಿನ ಅಳತೆಪಟ್ಟಿ ಹಿಡಿದು ಮೂಗಿನ ಅಗಲ ನೋಡಿದ. ಬಳಿಕ, “ಮಲಕ್ಕೊಳ್ರಿ” ಎಂದ. ಕೂತಾಗಿನ ಮುಖ ಬೇರೆ, ಮಲಗಿದಾಗಿನ ಮುಖ ಬೇರೆಯಂತೆ. ಹಲ್ಲಿನ ಸೆಟ್ಟನ್ನೂ ತೆಗೆಸಿದ, ಏಕೆಂದರೆ ರಾತ್ರಿ ನಾನು ಅದನ್ನು ತೆಗೆದೇ ಮಲಗುವವನು. ಯಂತ್ರವನ್ನು ಹಚ್ಚಿ, ನನಗೆ ಗೊತ್ತುಮಾಡಿದ ಒತ್ತಡದಲ್ಲಿಯೇ ಒಂದೊಂದು ಮಾಸ್ಕನ್ನೂ ತೊಡಿಸಿ, ಎಡಕ್ಕೆ ಬಲಕ್ಕೆ ಹೊರಳಿಸಿ ನೋಡಿದ. ಮೂಗಿನ ಹೊಳ್ಳೆಗೆ ಮಾತ್ರ ತಾಗುವ ಪುಟ್ಟದು, ಮೂಗನ್ನು ಮುಚ್ಚುವುದು, ಮೂಗು ಬಾಯಿ ಎರಡನ್ನೂ ಮುಚ್ಚುವುದು, ಹೀಗೆ ಮೂರು ಬಗೆ. ಬಾಯಿ ತೆರೆದು ಮಲಗುವವರಿಗೆ ಹಲವೊಮ್ಮೆ ಮೂರನೆಯದು ಬೇಕಾಗುತ್ತದೆ. ನನಗೆ ಒಪ್ಪಿದ್ದು ಎರಡನೆಯದು, ಸಣ್ಣ ಅಳತೆಯದು. ಅದಕ್ಕಾಗಿ ನಲವತ್ತು ವರ್ಷದ ಮೀಸೆಯನ್ನು ತುಸು ಕತ್ತರಿಸಬೇಕಾಯಿತು. ದುಃಖವಾಗಲಿಲ್ಲ ಎಂದರೆ ಸುಳ್ಳಾದೀತು.

ಆಮೇಲೆ ಇದರ ಚರಿತ್ರೆಯನ್ನು ಓದಿದೆ. ಆಸ್ಟ್ರೇಲಿಯದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು ಈ ಚಿಕಿತ್ಸೆಯನ್ನು ಕಂಡುಹಿಡಿದು, ಐವರು ರೋಗಿಗಳ ಅನುಭವವನ್ನು 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದಕ್ಕೆ ಮುಂಚೆ ತೀವ್ರ ರೋಗಿಗಳಿಗೆ ಕುತ್ತಿಗೆಯಲ್ಲಿ ರಂಧ್ರ ಕೊರೆಯುವುದೇ ಮುಖ್ಯ ಉಪಾಯವಾಗಿತ್ತು. ಆ ಆರಂಭದ ದಿನಗಳಲ್ಲಿ ಒಬ್ಬೊಬ್ಬ ರೋಗಿಯ ಮೂಗಿನ ಅಚ್ಚು ತೆಗೆದು, ಅವನಿಗೆಂದೇ ಮಾಸ್ಕ್ ಮಾಡಿ, ರಾತ್ರಿ ಅದನ್ನು ಅಂಟು ಹಚ್ಚಿ ಕೂರಿಸುತ್ತಿದ್ದರಂತೆ. ಕಷ್ಟದ ಕೆಲಸ, ನಿಜ. ಆದರೆ ಮಾಸ್ಕ್ ಮೂಗಿಗಾಗಿಯೇ ಹುಟ್ಟುತ್ತಿತ್ತು. ಇಂದು ಅದು ಅಂಗಡಿಯ ಕಪಾಟಿನಲ್ಲಿ ಸಿದ್ಧವಾಗಿ ಸಿಗುತ್ತದೆ. ಮೂಗಿಗೆ ತಕ್ಕದ್ದನ್ನು ಹುಡುಕುವ ಹೊಣೆ ನಮ್ಮದಾಗಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಈ ಒಂದು ವಿಷಯದಲ್ಲಿ ಸಲ್ಲದು. ಇಲ್ಲಿ ಕಾಲಿದ್ದಷ್ಟು ಹಾಸಿಗೆಯೇ ಬೇಕು.

ಅನುಭವದಿಂದ ಕಲಿತ ನಾಲ್ಕು ಮಾತು ಹೇಳುತ್ತೇನೆ. ಪಟ್ಟಿಯ ಕೆಳಗೆ ಒಂದೆರಡು ಬೆರಳು ಆಡುವಷ್ಟು ಸಡಿಲವಿರಲಿ. ಮಲಗುವ ಮುನ್ನ ಮುಖಕ್ಕೆ ಕೊಬ್ಬರಿ ಎಣ್ಣೆ ಸವರುವ ರೂಢಿಯನ್ನು ಬಿಡಿ. ಜಿಡ್ಡಿದ್ದರೆ ಮಾಸ್ಕ್ ಜಾರುತ್ತದೆ. ಮೆತ್ತೆಯನ್ನು ದಿನವೂ ಸೌಮ್ಯ ಸಾಬೂನಿನಿಂದ ತೊಳೆಯಿರಿ. ಮಾಸ್ಕಿನ ಸಣ್ಣ ರಂಧ್ರಗಳನ್ನು ಸೋರಿಕೆಯೆಂದು ತಿಳಿದು ಮುಚ್ಚಬೇಡಿ. ಬಿಟ್ಟ ಉಸಿರು ಹೊರಹೋಗುವ ದಾರಿ ಅದು. ಕೆಲವು ಮಾಸ್ಕುಗಳ ಪಟ್ಟಿಯಲ್ಲಿ ಅಯಸ್ಕಾಂತದ ಗುಂಡಿಗಳಿರುತ್ತವೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಅವನ್ನು ತೊಡಬಾರದು. ಎಲ್ಲಕ್ಕಿಂತ ಮೊದಲನೆಯದು, ಒಂದು ಮಾಸ್ಕ್ ಒಪ್ಪಲಿಲ್ಲವೆಂದು ಚಿಕಿತ್ಸೆಯನ್ನೇ ಟ್ರಂಕಿಗೆ ಹಾಕಬೇಡಿ. ಚಪ್ಪಲಿ ಕಚ್ಚಿತೆಂದು ನಾವು ಚಪ್ಪಲಿ ಬದಲಿಸುತ್ತೇವೆಯೇ ಹೊರತು ನಡೆಯುವುದನ್ನು ಬಿಡುವುದಿಲ್ಲ.

ನಾಚಿಕೆಯೂ ಒಂದು ತಡೆಯೇ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವಾಗ ನೆರೆಯವರು ನೋಡಿಯಾರೆಂದು ಮೊದಮೊದಲು ಗೋಡೆಯತ್ತ ಮುಖ ಮಾಡುತ್ತಿದ್ದೆ. ಆ ಸಂಕೋಚವನ್ನು ಕಳೆದವನು ಮೊಮ್ಮಗ. ಕೊಳವೆಯನ್ನು ಮುಟ್ಟಿ ನೋಡಿ, “ಅಜ್ಜಾ, ನೀ ಗಣಪ್ಪ ಆಗೀಯೇನು?” ಎಂದು ಕೇಳಿದ. ಹೌದಪ್ಪ ಎಂದೆ.

ಹೊಸ ಮಾಸ್ಕ್ ತೊಟ್ಟ ಮೂರನೆಯ ರಾತ್ರಿ ಬೆಳಗಿನ ಜಾವಕ್ಕೆ ತಾನಾಗಿ ಎಚ್ಚರವಾಯಿತು. ಮನೆಯೆಲ್ಲ ನಿಶ್ಶಬ್ದ. ಪಕ್ಕದಲ್ಲಿ ಸಣ್ಣಗೆ ಒಂದು ಗೊರಕೆ ಕೇಳಿಸಿತು. ನನ್ನದಲ್ಲ. ಹೆಂಡತಿ ಗಾಢನಿದ್ದೆಯಲ್ಲಿದ್ದಳು. ಮದುವೆಯಾಗಿ ಇಷ್ಟು ವರ್ಷಗಳಾದರೂ ಆಕೆ ನಿದ್ದೆ ಮಾಡುವುದನ್ನು ನಾನು ಕೇಳಿಯೇ ಇರಲಿಲ್ಲ. ಸ್ವಲ್ಪ ಹೊತ್ತು ಹಾಗೆಯೇ ಕೇಳುತ್ತ ಮಲಗಿದ್ದೆ.